ಆಫೀಸಿನವರ ಜೊತೆ ಇಟಾಲಿಯನ್ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಟೀಮಿನವರು ಮಧ್ಯಾಹ್ನ ಹೊರಗೆ ಊಟಕ್ಕೆ ಹೋಗುವಾಗ ಜಾಗ ಹುಡುಕಿ, ಟೇಬಲ್ ಹೇಳಿ, ಎಲ್ಲರನ್ನೂ ಸೀಟಿನಿಂದ ಎಬ್ಬಿಸಿ ಹೊರಡಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಇಟಾಲಿಯನ್ ಅಂದ ಕೂಡಲೇ ಬರುವ ಪ್ರಶ್ನೆಗಳು ಪ್ರತಿ ಸಲ ಹೆಚ್ಚು ಕಡಿಮೆ ಇವೇ. ಕೆಲವರು ಎಲ್ಲರೆದುರೇ ಕೇಳುತ್ತಾರೆ. ಕೆಲವರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಮೆಲ್ಲಗೆ ಕೇಳುವವರ ಪ್ರಶ್ನೆಗಳೇ ಮುಖ್ಯ ಅಂತ ನನಗೆ ಅನ್ನಿಸಿದೆ. ಹಾಗಾಗಿ ಅವಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಜಾಗ ಗೊತ್ತು ಮಾಡುವ ಮೊದಲು ಏನು ಕೇಳಬೇಕು?

ಯಾರು ಏನನ್ನು ತಿನ್ನುವುದಿಲ್ಲ ಅಂತ ಕೇಳಬೇಕು. ಒಬ್ಬೊಬ್ಬರನ್ನೇ ಕೇಳಬೇಕು. "ಶುಕ್ರವಾರ ಇಟಾಲಿಯನ್, ಎಲ್ಲರಿಗೂ ಓಕೆನಾ?" ಅಂತ ಗುಂಪಿನಲ್ಲಿ ಹಾಕಿದರೆ ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಹೊಸದಾಗಿ ಸೇರಿದವರಂತೂ ಬಾಯಿ ಬಿಡುವುದೇ ಇಲ್ಲ, ತಮ್ಮಿಂದ ಎಲ್ಲರ ಪ್ಲಾನ್ ಕೆಡುತ್ತದೇನೋ ಅನ್ನುವ ಸಂಕೋಚ.

ಇದು ನನಗೆ ತಿಳಿದದ್ದು ಒಂದು ಊಟದಲ್ಲಿ. ಎಂಟು ಜನ ಹೋಗಿದ್ದೆವು, ಎಲ್ಲವನ್ನೂ ಹಂಚಿಕೊಂಡು ತಿನ್ನೋಣ ಅಂತ ತೀರ್ಮಾನ ಮಾಡಿದ್ದೆವು. ಪಿಜ್ಜಾದ ಮೇಲೆ ಮಾಂಸ ಇತ್ತು, ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಮೀನು, ಪಾಸ್ತಾದಲ್ಲಿ ಮೊಟ್ಟೆ. ಆ ವಾರವಷ್ಟೇ ಸೇರಿದ್ದ ಒಬ್ಬರು ಇವು ಮೂರನ್ನೂ ಮುಟ್ಟುವವರಲ್ಲ, ಆದರೆ ಅದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಒಂದು ತುಂಡು ಬ್ರೆಡ್ಡನ್ನು ಚಿಕ್ಕ ಚಿಕ್ಕದಾಗಿ ಮುರಿದು, ಆಲಿವ್ ಎಣ್ಣೆಯಲ್ಲಿ ಅದ್ದಿ ಅದ್ದಿ, ಉಳಿದವರ ಊಟ ಮುಗಿಯುವವರೆಗೂ ಅದನ್ನೇ ಎಳೆದರು. ತಟ್ಟೆ ಎತ್ತುವಾಗ ನೋಡಿದೆ. ಎಲ್ಲರ ತಟ್ಟೆಯಲ್ಲೂ ಸಾಸಿನ ಕೆಂಪು ಇತ್ತು, ಅವರದರಲ್ಲಿ ಹಸಿರು ಮಿಶ್ರಿತ ಹಳದಿ ಎಣ್ಣೆಯ ಒಂದು ಸಣ್ಣ ಉಂಗುರ ಮಾತ್ರ. ಅವತ್ತಿನಿಂದ ಒಬ್ಬೊಬ್ಬರ ಹತ್ತಿರವೇ ಹೋಗಿ ಕೇಳುತ್ತೇನೆ. ಐದು ನಿಮಿಷ ಸಾಕು.

ಮೆನುವಿನಲ್ಲಿ ವೆಜ್ ಅಂತ ಬರೆದಿದ್ದರೆ ಸಾಕಲ್ವಾ?

ಎಷ್ಟೋ ಸಲ ಸಾಕಾಗುವುದಿಲ್ಲ. ಮಾಂಸದ ತುಂಡು ಕಾಣದಿದ್ದರೆ ವೆಜ್ ಅಂದುಕೊಳ್ಳುವುದು ಸುಲಭ, ಆದರೆ ಇಟಾಲಿಯನ್ ಅಡುಗೆಯಲ್ಲಿ ಕಣ್ಣಿಗೆ ಕಾಣದ ಜಾಗಗಳೇ ಜಾಸ್ತಿ.

ಮೊದಲು ಚೀಸ್. ಅಸಲಿ ಪಾರ್ಮಿಜಾನೋ ರೆಜ್ಜಾನೋ ಮಾಡುವಾಗ ಹಾಲನ್ನು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕುರಿ ಹಾಲಿನ ಪೆಕೊರಿನೋ ರೊಮಾನೋಗೆ ಕುರಿಮರಿಯದು. ಈ ಕಾರಣಕ್ಕೆ ಪಾರ್ಮಿಜಾನೋ ಮುಟ್ಟದ ಸಸ್ಯಾಹಾರಿಗಳಿದ್ದಾರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೂ ಇದ್ದಾರೆ. ಅದು ತಿನ್ನುವವರಿಗೆ ಬಿಟ್ಟ ವಿಷಯ, ನಾವು ತೀರ್ಮಾನ ಕೊಡಬೇಕಾಗಿಲ್ಲ. ಬೇಸಿಲ್ ಎಲೆ ಅರೆದು ಮಾಡುವ ಹಸಿರು ಸಾಸು ಪೆಸ್ತೋದಲ್ಲೂ ಈ ಚೀಸ್ ಇರುತ್ತದೆ ಅನ್ನುವುದು ನೆನಪಿರಲಿ.

ಆಮೇಲೆ ಸೂಪು ಮತ್ತು ಅಕ್ಕಿ ಬೇಯಿಸಿ ಮಾಡುವ ರಿಸೊತ್ತೊ. ಮಿನೆಸ್ತ್ರೋನೆ ಅಂದರೆ ತರಕಾರಿ ಸೂಪು, ಆದರೂ ಅದನ್ನು ಕುದಿಸಿದ್ದು ಮಾಂಸ, ಮೂಳೆ ಬೇಯಿಸಿ ಸೋಸಿದ ಸ್ಟಾಕ್‌ನಲ್ಲಿ ಇರಬಹುದು. ಅಣಬೆ ರಿಸೊತ್ತೊ ಕಥೆಯೂ ಅದೇ. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ, ಪುತ್ತನೆಸ್ಕಾ ಸಾಸಿನಲ್ಲೂ ಅಷ್ಟೇ. ಕ್ರೀಮಿನ ಸಿಹಿ ಪಾನ್ನಾ ಕೊತ್ತಾ ಗಟ್ಟಿಯಾಗಿ ನಿಲ್ಲುವುದು ಜೆಲಾಟಿನ್‌ನಿಂದ, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. ಕಾಫಿ ರುಚಿಯ ಸಿಹಿ ತಿರಮಿಸುವಿನ ಕ್ರೀಮ್‌ನಲ್ಲಿ ಹಸಿ ಮೊಟ್ಟೆ ಇರುತ್ತದೆ. ಒಣ ಪಾಸ್ತಾ ಹೆಚ್ಚಾಗಿ ಡ್ಯೂರಮ್ ಗೋಧಿ ರವೆ ಮತ್ತು ನೀರು ಅಷ್ಟೇ, ಆದರೆ "ಫ್ರೆಶ್ ಪಾಸ್ತಾ" ಅಂತ ಬರೆದಿದ್ದರೆ ಹಿಟ್ಟಿಗೆ ಮೊಟ್ಟೆ ಹಾಕಿ ನಾದಿರುವ ಸಾಧ್ಯತೆ ಹೆಚ್ಚು.

ಇದನ್ನೆಲ್ಲ ಕೇಳಿ ಹೆದರುವುದು ಬೇಡ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ ಹಾಕಿದ ಆಲ್ಯೋ ಎ ಒಲ್ಯೋ ಪಾಸ್ತಾ, ಖಾರದ ಟೊಮೇಟೊ ಸಾಸಿನ ಅರಬ್ಬಿಯಾತಾ, ಸುಟ್ಟ ಬ್ರೆಡ್ಡಿನ ಮೇಲೆ ಟೊಮೇಟೊ ಹಾಕಿದ ಬ್ರುಸ್ಕೆತ್ತಾ ಇವೆಲ್ಲ ಸರಳ. ಮೇಲೆ ಚೀಸ್ ಉದುರಿಸಬೇಡಿ ಅಂತ ಹೇಳಿದರಾಯಿತು. ಮರಿನಾರಾ ಪಿಜ್ಜಾ ಅಂತ ಇದೆ. ಹೆಸರು ಸಮುದ್ರದ್ದು, ಆದರೆ ಇಟಲಿಯ ನಾಪೊಲಿ ಊರಿನವರು ಮಾಡುವ ರೀತಿಯಲ್ಲಿ ಅದರಲ್ಲಿ ಮೀನೂ ಇಲ್ಲ, ಚೀಸೂ ಇಲ್ಲ. ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ.

ಅಲರ್ಜಿ ಇರುವವರಿಗೆ?

ಟೇಬಲ್ ಹೇಳುವಾಗಲೇ ಫೋನಿನಲ್ಲಿ ತಿಳಿಸಿ, ಕೂತ ಮೇಲೆ ವೇಟರ್‌ಗೆ ಇನ್ನೊಮ್ಮೆ ಹೇಳಿ. ಪೆಸ್ತೋದಲ್ಲಿ ಪೈನ್ ಬೀಜ ಇರುತ್ತದೆ, ಎಷ್ಟೋ ಕಡೆ ಅದರ ಬದಲು ಗೋಡಂಬಿ ಹಾಕುತ್ತಾರೆ. ಮೊರ್ತದೆಲ್ಲಾ ಅನ್ನುವ ಮಾಂಸದಲ್ಲಿ ಪಿಸ್ತಾ ಇರಬಹುದು. ಗೋಧಿ ಆಗದವರಿಗೆ ಅಕ್ಕಿಯ ರಿಸೊತ್ತೊ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಇವೆ. ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನ್) ಇಲ್ಲದ ಪಾಸ್ತಾ ಇದೆ ಅಂದರೆ ಅದನ್ನು ಬೇರೆ ನೀರಿನಲ್ಲಿ ಬೇಯಿಸುತ್ತಾರಾ ಅಂತ ಕೇಳಿ, ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಅದೇ ನೀರು ಸಾಕು ಹೊಟ್ಟೆ ಕೆಡಲು. ಈ ಪ್ರಶ್ನೆಯನ್ನು ಅಲರ್ಜಿ ಇರುವವರೇ ಕೇಳಲಿ ಅಂತ ಬಿಡಬೇಡಿ. ಪ್ರತಿ ಊಟದಲ್ಲೂ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ಊಟಕ್ಕೆ ಕರೆದವರು ಕೇಳಿದರೆ ಅವರಿಗೆ ಎಷ್ಟು ಹಗುರ ಅನ್ನಿಸುತ್ತದೆ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ.

ಆಂತಿಪಾಸ್ತಿ, ಪ್ರೀಮಿ, ಸೆಕೊಂದಿ... ಎಲ್ಲದರಲ್ಲೂ ಒಂದೊಂದು ತಗೋಬೇಕಾ?

ಬೇಡ. ಆಂತಿಪಾಸ್ತಿ ಅಂದರೆ ಊಟಕ್ಕೆ ಮುಂಚಿನ ಸಣ್ಣ ತಿಂಡಿಗಳು. ಪ್ರೀಮಿ ಅಂದರೆ ಮೊದಲನೆಯವು, ಪಾಸ್ತಾ, ರಿಸೊತ್ತೊ, ಸೂಪು ಇಲ್ಲಿ ಬರುತ್ತವೆ. ಸೆಕೊಂದಿ ಎರಡನೆಯವು, ಮಾಂಸ ಮತ್ತು ಮೀನು. ಕೊಂತೊರ್ನಿ ಅಂದರೆ ಅದರ ಜೊತೆಗೆ ಬೇಯಿಸಿದ ತರಕಾರಿ, ಸಲಾಡ್. ದೋಲ್ಚಿ ಸಿಹಿ. ಇದು ಬಿಡುವಾಗಿ ಕೂತು ಊಟ ಮಾಡುವ ಕ್ರಮ. ಕೆಲಸದ ದಿನ ಮಧ್ಯಾಹ್ನಕ್ಕೆ ಒಬ್ಬರಿಗೆ ಒಂದು ಪಾಸ್ತಾ ಅಥವಾ ಒಂದು ಪಿಜ್ಜಾ, ನಡುವೆ ಹಂಚಿಕೊಳ್ಳಲು ಎರಡು ಆಂತಿಪಾಸ್ತಿ ಸಾಕು. ಆಮೇಲೆ ಹೊಟ್ಟೆಯಲ್ಲಿ ಜಾಗ ಇದ್ದರೆ ಸಿಹಿ ನೋಡೋಣ.

ಹೆಸರು ತಪ್ಪಾಗಿ ಹೇಳಿದರೆ ನಗುತ್ತಾರಾ?

ನಗುವವರ ಜೊತೆ ಊಟಕ್ಕೆ ಹೋಗುವ ಅಗತ್ಯ ಇಲ್ಲ. ಆದರೂ ಒಂದು ವಿಷಯ ಹೇಳಬೇಕು: ಕನ್ನಡ ಮಾತಾಡುವವರಿಗೆ ಇಟಾಲಿಯನ್ ಹೆಸರುಗಳು ನಿಜಕ್ಕೂ ಸುಲಭ. ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ನಮ್ಮವುಗಳ ಹಾಗೆ. ಒಂದೇ ವ್ಯಂಜನ ಎರಡು ಸಲ ಬರೆದಿದ್ದರೆ ಒತ್ತಿ ಹೇಳಬೇಕು, ನಮ್ಮ ಒತ್ತಕ್ಷರದ ಹಾಗೆಯೇ. ಪೆನ್ನೆ, ಪಾನ್ನಾ, ರಿಸೊತ್ತೊ. ಅವರ ತ, ದ ಕೂಡ ನಮ್ಮ ತ, ದ ಕಾರಕ್ಕೇ ಹತ್ತಿರ.

ಎಡವುವುದು ಮೂರು ನಾಲ್ಕು ಕಡೆ ಮಾತ್ರ. ಸಿ ಮತ್ತು ಎಚ್ ಒಟ್ಟಿಗೆ ಬಂದರೆ ಅದು ಚ ಅಲ್ಲ, ಕ. ಹಾಗಾಗಿ ಬ್ರುಶೆಟಾ ಅಲ್ಲ, ಬ್ರುಸ್ಕೆತ್ತಾ. ಬರೀ ಸಿ ಆದಮೇಲೆ ಐ ಅಥವಾ ಇ ಬಂದರೆ ಆಗ ಚ, ಚಾಬಾತ್ತಾ ಬ್ರೆಡ್ ಇದ್ದ ಹಾಗೆ. ಜಿ ಮತ್ತು ಎನ್ ಸೇರಿದರೆ ನ್ಯ ಆಗುತ್ತದೆ, ಆಲೂಗಡ್ಡೆಯ ಆ ಮೆತ್ತನೆ ಉಂಡೆಗಳ ಹೆಸರು ನ್ಯೊಕ್ಕಿ. ಜಿ, ಎಲ್, ಐ ಸೇರಿದರೆ ಲ್ಯ, ರಿಬ್ಬನ್ನಿನಂಥ ಪಾಸ್ತಾ ತಾಲ್ಯಾತೆಲ್ಲೆ ಇದ್ದ ಹಾಗೆ. ಇಷ್ಟು ಗೊತ್ತಿದ್ದರೆ ಮೆನು ಓದಬಹುದು. ಮರೆತರೆ ಬೆರಳಿಟ್ಟು ತೋರಿಸಿ, ಅದರಲ್ಲಿ ಮುಜುಗರದ ಮಾತೇ ಇಲ್ಲ.

ಸ್ಪಗೆತ್ತಿಯನ್ನು ಎಲ್ಲರೆದುರು ಹೇಗೆ ತಿನ್ನೋದು?

ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ತಪ್ಪು ಆಗುವುದು ಒಂದೇ ಕಡೆ, ಫೋರ್ಕಿಗೆ ಒಮ್ಮೆಗೇ ಜಾಸ್ತಿ ತೆಗೆದುಕೊಳ್ಳುವಲ್ಲಿ. ರಾಶಿಯ ನಡುವೆ ಫೋರ್ಕ್ ಚುಚ್ಚಿ ತಿರುಗಿಸಿದರೆ ಇಡೀ ತಟ್ಟೆಯೇ ಎದ್ದು ಬರುತ್ತದೆ. ಬದಲಿಗೆ ಅಂಚಿನಿಂದ ಮೂರು ನಾಲ್ಕು ಎಳೆಗಳನ್ನು ಮಾತ್ರ ಪಕ್ಕಕ್ಕೆ ಎಳೆದುಕೊಳ್ಳಿ. ಫೋರ್ಕಿನ ತುದಿಯನ್ನು ತಟ್ಟೆಗೆ ಊರಿ, ನೇರವಾಗಿ ನಿಲ್ಲಿಸಿ, ಬೆರಳಲ್ಲೇ ನಿಧಾನವಾಗಿ ತಿರುಗಿಸಿ. ಎಳೆಗಳು ಸುತ್ತಿಕೊಳ್ಳುತ್ತಾ ಬರುತ್ತವೆ. ಕೊನೆಯ ಬಾಲ ತಟ್ಟೆಯ ಮೇಲೆ ಹರಿದು ಬಂದು ಒಳಗೆ ಸೇರುವವರೆಗೂ ತಿರುಗಿಸುತ್ತಿರಿ, ಆಮೇಲಷ್ಟೇ ಎತ್ತಿ. ಎತ್ತುವಾಗ ನೀವೇ ತಟ್ಟೆಯ ಕಡೆ ಸ್ವಲ್ಪ ಬಾಗಿ. ಒಂದೆರಡು ಎಳೆ ಜೋತು ಬಿದ್ದರೆ ಹಲ್ಲಿನಲ್ಲಿ ಕಡಿದು ಬಿಡಿ, ಸೊರ್ರಂತ ಎಳೆದುಕೊಳ್ಳಬೇಡಿ, ಸಾಸು ಹಾರುವುದು ಆಗಲೇ.

ಚಮಚ ಬೇಕೇ ಬೇಕಾ? ಇಟಲಿಯಲ್ಲಿ ದೊಡ್ಡವರು ಹೆಚ್ಚಾಗಿ ಫೋರ್ಕ್ ಒಂದರಲ್ಲೇ ತಿನ್ನುತ್ತಾರೆ. ನಿಮಗೆ ಚಮಚ ಇದ್ದರೆ ಅನುಕೂಲ ಅನ್ನಿಸಿದರೆ ಕೇಳಿ ತೆಗೆದುಕೊಳ್ಳಿ. ಊಟ ಆದ ತಕ್ಷಣ ಯಾರ ಮುಂದೋ ನಿಂತು ಮಾತಾಡುವುದಿದೆ, ಬಿಳಿ ಶರ್ಟು ಹಾಕಿದ್ದೀರಿ ಅಂದರೆ ಸಣ್ಣ ಕೊಳವೆಯಂಥ ಪಾಸ್ತಾ, ಪೆನ್ನೆ ಅಥವಾ ರಿಗತೋನಿ, ಹೇಳಿ. ಚುಚ್ಚಿದರಾಯಿತು, ಬಾಯಿಗೆ ಹೋಯಿತು.

ಪಾಸ್ತಾ ಗಟ್ಟಿ ಇದೆ, ಸರಿಯಾಗಿ ಬೆಂದಿಲ್ವಾ?

ಬೆಂದಿದೆ, ಬಹುಶಃ ಬೇಕಂತಲೇ ಅಲ್ಲಿಗೆ ನಿಲ್ಲಿಸಿದ್ದಾರೆ. ಆಲ್ ದೆಂತೆ ಅಂದರೆ "ಹಲ್ಲಿಗೆ" ಅಂತ ಅರ್ಥ, ಕಚ್ಚಿದಾಗ ಹಲ್ಲಿಗೆ ಸ್ವಲ್ಪ ಸಿಗಬೇಕು. ಕಡಿದ ತುಂಡಿನ ನಡುವೆ ಹಿಟ್ಟು ಹಿಟ್ಟಾಗಿ ಬಿಳಿ ಚುಕ್ಕೆ ಎದ್ದು ಕಂಡು, ಬಾಯಲ್ಲಿ ಹಸಿ ಹಿಟ್ಟಿನ ರುಚಿ ಬಂದರೆ ಮಾತ್ರ ಬೆಂದಿಲ್ಲ ಅಂತ. ಮೆತ್ತಗೆ ಬೇಕಿದ್ದರೆ ಆರ್ಡರ್ ಕೊಡುವಾಗಲೇ ಹೇಳಿ, ಮಾಡಿಕೊಡುತ್ತಾರೆ. ನಿಮ್ಮ ಊಟ, ನಿಮ್ಮ ಹಲ್ಲು.

ಪಿಜ್ಜಾದ ಅಂಚು ಸುಟ್ಟಿದೆ, ನಡುವೆ ಒದ್ದೆ. ವಾಪಸ್ ಕಳಿಸಬೇಕಾ?

ನಾಪೊಲಿ ಶೈಲಿ ಅಂತ ಮೆನುವಿನಲ್ಲಿ ಬರೆದಿದ್ದರೆ ಅದು ಇರುವುದೇ ಹಾಗೆ. ಸುಮಾರು 485 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಟ್ಟಿಗೆ ಒಲೆಯಲ್ಲಿ 60ರಿಂದ 90 ಸೆಕೆಂಡ್ ಮಾತ್ರ ಬೇಯುತ್ತದೆ. ಅಷ್ಟು ಬಿಸಿಗೆ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ನಡುಭಾಗ ತೆಳ್ಳಗೆ ಮೆತ್ತಗೆ ಉಳಿಯುತ್ತದೆ. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೋ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚಾಕು ಮತ್ತು ಫೋರ್ಕಿನಲ್ಲಿ ತಿನ್ನಿ, ಇಲ್ಲ ತುಂಡನ್ನು ಉದ್ದಕ್ಕೆ ಮಡಿಸಿ ಕೈಯಲ್ಲಿ ಹಿಡಿಯಿರಿ, ಎರಡೂ ನಡೆಯುತ್ತದೆ. ಇಡೀ ತಳ ಕಪ್ಪಗಾಗಿ ಕಹಿ ಬರುತ್ತಿದ್ದರೆ ಖಂಡಿತ ವಾಪಸ್ ಕಳಿಸಿ.

"ಇದು ಅಸಲಿ ಇಟಾಲಿಯನ್ ಅಲ್ಲ" ಅಂತ ಒಬ್ಬರು ಹೇಳುತ್ತಲೇ ಇದ್ದರೆ?

ವಿಷಯ ಗೊತ್ತಿರುವುದು ಒಳ್ಳೆಯದೇ, ನನಗೂ ಇಂಥ ಕಥೆಗಳು ಇಷ್ಟ. ಸೀಸರ್ ಸಲಾಡ್ ಹುಟ್ಟಿದ್ದು ಮೆಕ್ಸಿಕೋದ ತಿಹುವಾನಾದಲ್ಲಿ, ಸೀಸರ್ ಕಾರ್ದಿನಿ ಅನ್ನುವ ಹೋಟೆಲಿನವರ ಹೆಸರು ಅದಕ್ಕೆ ಬಂತು. ಅನಾನಸ್ ಹಾಕಿದ ಹವಾಯಿಯನ್ ಪಿಜ್ಜಾ 1962ರಲ್ಲಿ ಶುರುವಾದದ್ದು ಕೆನಡಾದಲ್ಲಿ. ರೋಮಿನ ಕಾರ್ಬೊನಾರಾ ಪಾಸ್ತಾದಲ್ಲಿ ಕ್ರೀಮ್ ಇಲ್ಲ, ಆ ನುಣುಪು ಬರುವುದು ಮೊಟ್ಟೆ ಮತ್ತು ಪೆಕೊರಿನೋದಿಂದ. ಪೆಪ್ಪರೋನಿ ಅಂತ ನಾವು ಕೇಳುವ ಮಾಂಸದ ಬಿಲ್ಲೆ ಅಮೆರಿಕದಲ್ಲಿ ಬೆಳೆದದ್ದು, ಇಟಲಿಯಲ್ಲಿ ಪೆಪೆರೋನಿ ಅಂದರೆ ದೊಣ್ಣೆಮೆಣಸಿನಕಾಯಿ. ಇಟಾಲಿಯನ್ ಅಡುಗೆಯ ಗುರುತೇ ಆಗಿರುವ ಟೊಮೇಟೊ ಕೂಡ 16ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದು.

ಆದರೆ ಇದನ್ನು ಯಾವಾಗ ಹೇಳುತ್ತೀರಿ ಅನ್ನುವುದು ಮುಖ್ಯ. ಎದುರಿನವರು ಆಸೆಯಿಂದ ಅನಾನಸ್ ಪಿಜ್ಜಾ ಹೇಳಿ ಮೊದಲ ತುಂಡು ಕಚ್ಚುವ ಹೊತ್ತಿಗೆ ಹೇಳಿದರೆ ಅದು ಮಾಹಿತಿಯಾಗಿ ಕೇಳಿಸುವುದಿಲ್ಲ. ತಟ್ಟೆ ಖಾಲಿಯಾದ ಮೇಲೆ ಹೇಳಿ, ಎಲ್ಲರೂ ಖುಷಿಯಿಂದ ಕೇಳುತ್ತಾರೆ.

ಒಂದು ಗಂಟೆಯೊಳಗೆ ವಾಪಸ್ ಬರೋಕಾಗುತ್ತಾ?

ಆಗುತ್ತದೆ, ಏನು ಆರ್ಡರ್ ಮಾಡುತ್ತೀರಿ ಅನ್ನುವುದರ ಮೇಲೆ. ಪಿಜ್ಜಾ ಬೇಗ ಬರುತ್ತದೆ. ಪಾಸ್ತಾ ಹಾಳೆ, ಸಾಸು ಪದರ ಪದರವಾಗಿ ಇಟ್ಟು ಮಾಡುವ ಲಸಾನ್ಯಾ ಮೊದಲೇ ಬೇಯಿಸಿಟ್ಟಿರುತ್ತಾರೆ, ಅದೂ ಬೇಗ. ರಿಸೊತ್ತೊ ಹಾಗಲ್ಲ, ಬಿಸಿ ಸ್ಟಾಕ್ ಹಾಕುತ್ತಾ ತಿರುವುತ್ತಾ ಅಕ್ಕಿಯನ್ನು ಬೇಯಿಸಲು 18ರಿಂದ 20 ನಿಮಿಷ ಬೇಕೇ ಬೇಕು. ಒಬ್ಬರು ರಿಸೊತ್ತೊ ಹೇಳಿದರೆ ಉಳಿದ ಏಳು ಜನ ಒಂದೋ ಕಾಯುತ್ತಾರೆ, ಇಲ್ಲ ಮುಂಚೆಯೇ ತಿಂದು ಮುಗಿಸುತ್ತಾರೆ. ಹಾಗಂತ ಬೇಡ ಅನ್ನಬೇಡಿ. ಮೆನು ಹಿಂದಿನ ದಿನವೇ ಎಲ್ಲರಿಗೂ ಕಳಿಸಿ, ಯಾರಿಗೆ ಏನು ಬೇಕು ಅಂತ ಬರೆದುಕೊಂಡು ಫೋನ್ ಮಾಡಿ ಹೇಳಿಬಿಡಿ. ಎಂಟು ಜನರಿಗಿಂತ ಜಾಸ್ತಿ ಇದ್ದರೆ ನಾನು ಯಾವಾಗಲೂ ಹೀಗೇ ಮಾಡುವುದು. ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಹೋದರೆ ಅಡುಗೆಮನೆಯವರಿಗೂ ಉಸಿರಾಡಲು ಜಾಗ ಇರುತ್ತದೆ.

ವೈನ್ ಬೇಡ ಅನ್ನೋದು ಹೇಗೆ?

"ನನಗೆ ನೀರು ಸಾಕು." ಇಷ್ಟೇ, ಕಾರಣ ಕೊಡಬೇಕಾಗಿಲ್ಲ. ಪಕ್ಕದಲ್ಲಿ ಕೂತವರು ಯಾಕೆ ಅಂತ ಕೇಳಲೂಬಾರದು. ಆದರೆ ಮದ್ಯ ಮುಟ್ಟದವರಿಗೆ ಇನ್ನೊಂದು ವಿಷಯ ಗೊತ್ತಿರಲಿ: ರಿಸೊತ್ತೊ ಮಾಡುವಾಗ ಹೆಚ್ಚಾಗಿ ಬಿಳಿ ವೈನ್ ಹಾಕುತ್ತಾರೆ, ಮಾಂಸದ ರಾಗೂ ಸಾಸಿನಲ್ಲೂ ವೈನ್ ಇರುತ್ತದೆ, ತಿರಮಿಸುವಿಗೆ ಮಾರ್ಸಾಲಾ ವೈನ್ ಅಥವಾ ರಮ್ ಹಾಕುವವರಿದ್ದಾರೆ. ಕೇಳಿ ತೆಗೆದುಕೊಳ್ಳಿ.

ಬಿಲ್ ಹೇಗೆ ಹಂಚಿಕೊಳ್ಳೋದು?

ಹೊರಡುವ ಮೊದಲೇ ಹೇಳಿಬಿಡಿ. ಬಿಲ್ ಬಂದಮೇಲೆ ಮಾತು ಶುರು ಮಾಡಿದರೆ, ಕಷ್ಟ ಇರುವವರು ಮೊದಲು ತಲೆಯಾಡಿಸುತ್ತಾರೆ.

ಸಮನಾಗಿ ಭಾಗ ಮಾಡುವುದು ಸುಲಭ, ಒಪ್ಪುತ್ತೇನೆ. ಆದರೆ ಒಂದು ಸೂಪು ಕುಡಿದವರೂ, ಎರಡು ಲೋಟ ವೈನ್ ಮತ್ತು ಮೀನು ತಿಂದವರೂ ಒಂದೇ ದುಡ್ಡು ಕೊಟ್ಟರೆ ಸರಿಯಲ್ಲ. ಟೀಮಿನಲ್ಲಿ ಎಲ್ಲರ ಸಂಬಳವೂ ಒಂದೇ ಅಲ್ಲ, ಮನೆಯ ಜವಾಬ್ದಾರಿಯೂ ಒಂದೇ ಅಲ್ಲ. ಯಾರೋ ಒಬ್ಬರು ಮೆನುವಿನ ಬಲಗಡೆ ಸಾಲನ್ನು ಮೊದಲು ನೋಡಿ, ಆಮೇಲೆ ಎಡಕ್ಕೆ ಹೋಗಿ ಹೆಸರು ಓದುತ್ತಿರುತ್ತಾರೆ. ಗಮನಿಸಿ, ಪ್ರತಿ ಟೀಮಿನಲ್ಲೂ ಇರುತ್ತಾರೆ. ನಮ್ಮ ಲೆಕ್ಕ ಹೀಗೆ: ನಡುವೆ ಇಟ್ಟು ಹಂಚಿಕೊಂಡದ್ದು ಸಮನಾಗಿ, ಅದರಲ್ಲಿ ತಿನ್ನದವರನ್ನು ಬಿಟ್ಟು. ತಮ್ಮ ತಟ್ಟೆ, ತಮ್ಮ ಕುಡಿಯುವುದು ಅವರವರದು. ಒಬ್ಬರು ಪೂರ್ತಿ ಕೊಟ್ಟುಬಿಟ್ಟು ಆಮೇಲೆ ಮೊಬೈಲಿನಲ್ಲಿ ಒಬ್ಬೊಬ್ಬರಿಗೆ ಅವರ ಮೊತ್ತ ಕಳಿಸಿದರೆ ಟೇಬಲ್ ಮುಂದೆ ಚರ್ಚೆಯೇ ಇರುವುದಿಲ್ಲ. ಮ್ಯಾನೇಜರ್ ಕೊಡುವುದಾದರೆ ಅದನ್ನೂ ಮುಂಚೆಯೇ ಹೇಳಲಿ, ಆಗ ಎಲ್ಲರೂ ತಮಗೆ ನಿಜವಾಗಿ ಬೇಕಾದ್ದನ್ನು ಕೇಳುತ್ತಾರೆ.

ಬಿಲ್‌ನಲ್ಲಿ ಸರ್ವಿಸ್ ಸೇರಿಸಿದ್ದಾರಾ ಅಂತ ನೋಡಿ ಆಮೇಲೆ ಟಿಪ್ ಬಗ್ಗೆ ಯೋಚಿಸಿ. ಇಟಲಿಯಲ್ಲೇ ಊಟ ಮಾಡುತ್ತಿದ್ದರೆ ಕೊಪೆರ್ತೋ ಅಂತ ತಲೆಗೆ ಇಷ್ಟು ಅಂತ ಬರೆದಿರಬಹುದು, ಅದು ಟೇಬಲ್ ಮತ್ತು ಬ್ರೆಡ್ಡಿನ ಲೆಕ್ಕ.

ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನಬಹುದಾ?

ತಿನ್ನಿ! ಇಟಾಲಿಯನ್ನರು ಅದಕ್ಕೆ ಸ್ಕಾರ್ಪೆತ್ತಾ ಅಂತ ಹೆಸರೇ ಇಟ್ಟಿದ್ದಾರೆ, ಪುಟ್ಟ ಬೂಟು ಅಂತ ಅರ್ಥ. ತುಂಬಾ ಔಪಚಾರಿಕ ಊಟದಲ್ಲಿ ಮಾಡುವುದಿಲ್ಲ, ಜೊತೆ ಕೆಲಸದವರ ನಡುವೆ ಏನೂ ತೊಂದರೆ ಇಲ್ಲ.

ಊಟದ ಮೇಲೆ ಕಪುಚೀನೋ ಕೇಳಿದರೆ ತಪ್ಪಾ?

ಇಟಲಿಯಲ್ಲಿ ಅದು ಬೆಳಗಿನ ಕಾಫಿ, ಊಟದ ಮೇಲೆ ಎಸ್ಪ್ರೆಸ್ಸೊ ಕುಡಿಯುತ್ತಾರೆ. ನಿಮಗೆ ಹಾಲು ಹಾಕಿದ್ದೇ ಬೇಕಿದ್ದರೆ ಅದನ್ನೇ ಕೇಳಿ. ಸಿಹಿ, ಕಾಫಿ ಎರಡೂ ಬೇಕು, ಸಮಯ ಇಲ್ಲ ಅಂದರೆ ಅಫೊಗಾತೊ ಒಳ್ಳೆಯದು. ಐಸ್‌ಕ್ರೀಮಿನ ಮೇಲೆ ಬಿಸಿ ಎಸ್ಪ್ರೆಸ್ಸೊ ಸುರಿದು ಕೊಡುತ್ತಾರೆ.

ಬರಲ್ಲ ಅಂದವರನ್ನು ಒತ್ತಾಯ ಮಾಡಬೇಕಾ?

ಒಮ್ಮೆ ಕೇಳಿ, ಇಲ್ಲ ಅಂದರೆ ಬಿಡಿ. ಆದರೆ ಮುಂದಿನ ಸಲವೂ ಕರೆಯಿರಿ. ಎರಡು ಸಲ ಬರಲಿಲ್ಲ ಅಂತ ಹೆಸರು ಬಿಟ್ಟುಬಿಡುವುದು ತಪ್ಪು. ನಮ್ಮಲ್ಲಿ ಒಬ್ಬರು ನಾಲ್ಕು ಸಲ ಇಲ್ಲ ಅಂದು ಐದನೇ ಸಲ ಬಂದರು, ಈಗ ಟೇಬಲ್ ಹೇಳುವ ಕೆಲಸದಲ್ಲಿ ನನಗೆ ಜೊತೆಯಾಗಿರುವುದು ಅವರೇ.

ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಬಹುದಾ?

ಪಿಜ್ಜಾ, ಲಸಾನ್ಯಾ ಕಟ್ಟಿಸಿ. ಲಸಾನ್ಯಾ ಮಾರನೇ ದಿನ ಇನ್ನೂ ರುಚಿ ಅನ್ನುವವರಿದ್ದಾರೆ. ಕ್ರೀಮ್ ಸಾಸಿನ ಪಾಸ್ತಾ ಅಂಟಿಕೊಳ್ಳುತ್ತದೆ, ಬಿಸಿ ಮಾಡುವಾಗ ಸ್ವಲ್ಪ ಹಾಲು ಹಾಕಿ ಬಿಡಿಸಬೇಕು. ಪಿಜ್ಜಾವನ್ನು ಆಫೀಸಿನ ಮೈಕ್ರೊವೇವ್‌ನಲ್ಲಿ ಇಡಬೇಡಿ, ಬಿಸಿಯಾಗಿದ್ದಾಗ ಮೆತ್ತಗಾಗಿ ಆರಿದ ಮೇಲೆ ರಬ್ಬರ್ ಆಗುತ್ತದೆ. ಮನೆಗೆ ಒಯ್ದು ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ತುಂಡುಗಳನ್ನು ಎಣ್ಣೆ ಹಾಕದೆ ಇಟ್ಟು, ತಳ ಗರಿಯಾಗಲು ಶುರುವಾದಾಗ ಪಕ್ಕಕ್ಕೆ ಎರಡು ಹನಿ ನೀರು ಚಿಮುಕಿಸಿ ಮುಚ್ಚಿಡಿ. ಒಂದು ನಿಮಿಷದಲ್ಲಿ ಚೀಸ್ ಕರಗಿರುತ್ತದೆ.